ಹೆಸರು ಕೊಡದ ಸಾಲೊಮಿನೆ

ಗ್ರೀನ್‌ಲ್ಯಾಂಡಿನ ಪಡುವಣ ತೀರದಲ್ಲಿ, ನಕ್ಷೆಯ ನೆತ್ತಿಗೆ ಹತ್ತಿರ, ಸಾತ್ತೊಕ್ ಎಂಬ ನಮ್ಮ ಊರಿದೆ. ದೇಶದೇಶಗಳಿಂದ ಇಲ್ಲಿಗೆ ಬರುವ ಪ್ರವಾಸಿಗಳು ಇಳಿದುಕೊಳ್ಳುವುದು ಸಾಲೊಮಿನೆಯ ಮನೆಯಲ್ಲಿ. ಅವಳ ಮನೆ ಚೆನ್ನಾಗಿದೆ ಅಂತಲ್ಲ, ಬೇರೆ ಜಾಗ ಇಲ್ಲ ಅಂತ. ಮಹಡಿಯಲ್ಲಿ ಎರಡು ಕೋಣೆ, ಕೆಳಗೆ ಅಡುಗೆಮನೆ, ಒಲೆಯ ಮೇಲೆ ಯಾವಾಗ ನೋಡಿದರೂ ಸೀಲ್ ಮಾಂಸದ ಸಾರು. ಬಂದವರು ಸಾರು ಕುಡಿದು, ಕಿಟಕಿಯಾಚೆ ಕಡಲಲ್ಲಿ ನಿಂತ ಮಂಜಿನ ಬೆಟ್ಟಗಳ ಫೋಟೊ ತೆಗೆದು, ಕೊನೆಗೆ ಕೇಳುವ ಮಾತು ಒಂದೇ: "ಇಷ್ಟು ದೂರದಲ್ಲಿ ಹೇಗಮ್ಮ ಇರ್ತೀರಾ?" ಸಾಲೊಮಿನೆ ಪ್ರತಿ ಸಲವೂ ನಿಜಕ್ಕೂ ಅರ್ಥವಾಗದೆ ಕೇಳುತ್ತಿದ್ದಳು, "ಎಲ್ಲಿಂದ ದೂರ?" ಅವರು ನಗುತ್ತಿದ್ದರು. ಅವಳು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಪ್ರವಾಸಿಗಳನ್ನು ನಾಯಿ ಕಟ್ಟಿದ ಜಾರುಗಾಡಿಯಲ್ಲಿ ಕೂರಿಸಿಕೊಂಡು ಹೆಪ್ಪುಗಟ್ಟಿದ ಕಡಲ ಮೇಲೆ ತಿರುಗಿಸಿ ತರುವುದು ಅವಳ ಗಂಡನ ಕೆಲಸವಾಗಿತ್ತು. ಅವನ ಹೆಸರನ್ನು ಈಗಲೇ ಹೇಳಲಾರೆ, ಸಮಯ ಬಂದಾಗ ಹೇಳುತ್ತೇನೆ. ನಮ್ಮಲ್ಲಿ ಒಬ್ಬರು ಸತ್ತರೆ ಅವರ ಹೆಸರು ಒಂದು ಮಗುವಿಗೆ ಹೋಗಿ ಸೇರುವವರೆಗೆ ಅದನ್ನು ಯಾರೂ ಬಾಯಿಗೆ ತರುವುದಿಲ್ಲ. ಮಗುವಿಗೆ ಇಟ್ಟ ಮೇಲೆ ಅಡ್ಡಿಯಿಲ್ಲ, ಆಮೇಲೆ ಆ ಮಗುವೇ ಅವರು. ಗಂಡು ಹೆಣ್ಣು ಎಂಬ ಭೇದವೂ ಇಲ್ಲ. ನಮ್ಮ ಅಂಗಡಿ ನೋಡಿಕೊಳ್ಳುವವನು ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಗಡ್ಡದ ಆಳು, ಅವನಿಗೆ ಅವನ ಅಜ್ಜಿಯ ಹೆಸರು. ಅವನ ಸ್ವಂತ ಅಪ್ಪನೇ ಅಂಗಡಿಗೆ ಬಂದು "ಅಮ್ಮಾ, ಒಂದು ಪೊಟ್ಟಣ ಕಾಫಿಪುಡಿ ಕೊಡು" ಅನ್ನುತ್ತಾನೆ. ಪ್ರವಾಸಿಗಳು ಬಿಟ್ಟರೆ ಬೇರೆ ಯಾರೂ ನಗುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಮೇ ತಿಂಗಳಲ್ಲಿ ಮೂವರು ಪ್ರವಾಸಿಗಳು ಬಂದಿದ್ದರು. ಅವರಿಗೆ ಮಂಜುಗಡ್ಡೆ ಮುಗಿದು ನೀಲಿ ನೀರು ಶುರುವಾಗುವ ಅಂಚನ್ನು ನೋಡಬೇಕಿತ್ತು, ಅದಕ್ಕೆ ಇದ್ದದ್ದು ಒಂದೇ ದಿನ. "ಈ ವಾರ ಗಡ್ಡೆ ನಂಬೋ ಹಾಗಿಲ್ಲ, ಹೋಗ್ಬೇಡ" ಎಂದು ಸಾಲೊಮಿನೆ ಹಿಂದಿನ ದಿನವೇ ಗಂಡನಿಗೆ ಹೇಳಿದ್ದಳು. ಅವನು ಹೂಂ ಅಂದಿದ್ದ. ಬೆಳಿಗ್ಗೆ ಅವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನಾಯಿಗಳೂ ಇಲ್ಲ, ಗಾಡಿಯೂ ಇಲ್ಲ, ಅವನೂ ಇಲ್ಲ. ಅಂಚಿನ ಹತ್ತಿರ ಅವನು ಮೂವರನ್ನೂ ಗಟ್ಟಿ ಜಾಗದಲ್ಲಿ ಇಳಿಸಿ, "ಇಲ್ಲೇ ಇರಿ, ಮುಂದೆ ನೋಡಿ ಬರ್ತೀನಿ" ಎಂದು ಗಾಡಿ ಹೊಡೆದುಕೊಂಡು ಹೋದನಂತೆ. ನೋಡನೋಡುತ್ತಲೇ ಗಡ್ಡೆ ಬಾಯಿ ಬಿಟ್ಟಿತು. ಪ್ರವಾಸಿಗಳು ಗಾಡಿಯ ಜಾಡು ಹಿಡಿದು ನಡೆದು ಊರು ಸೇರಿದರು. ಸಾಲೊಮಿನೆಯ ಅಡುಗೆಮನೆಯಲ್ಲಿ ಕುಳಿತು ಅತ್ತರು. ಅವಳು ಅವರಿಗೆ ಸಾರು ಬಡಿಸಿದಳು. ತಾನು ಅಳಲಿಲ್ಲ, ಅವರಿಗೆ ಒಂದು ಮಾತೂ ಅನ್ನಲಿಲ್ಲ. ಅವನ ದೇಹ ಸಿಗಲೇ ಇಲ್ಲ.

ಆ ಚಳಿಗಾಲದಲ್ಲಿ ಪಕ್ಕದ ಮನೆಯ ಹುಡುಗಿ ಹೆತ್ತಳು. ಮನೆಯವರು ಪದ್ಧತಿಯಂತೆ ಕಾಫಿ ಹೊತ್ತಿಗೆ ಬಂದು ಕುಳಿತು, ಅದೂ ಇದೂ ಮಾತಾಡಿ, ಮೆಲ್ಲಗೆ ವಿಷಯ ತೆಗೆದರು: "ಅವರ ಹೆಸರು ನಮ್ಮ ಮಗೂಗೆ ಇಡೋಣ ಅಂತ. ನೀವು ಹೂಂ ಅಂದ್ರೆ."

ಇಂಥ ಮಾತಿಗೆ ನಮ್ಮ ತೀರದಲ್ಲಿ ಯಾರೂ ಇಲ್ಲ ಅಂದದ್ದಿಲ್ಲ. ಸತ್ತವರ ಮನೆಯವರು ಇದಕ್ಕಾಗಿ ಕಾದು ಕುಳಿತಿರುತ್ತಾರೆ. ಸಾಲೊಮಿನೆ ಕಾಫಿ ಲೋಟ ಕೆಳಗಿಟ್ಟು ಅಂದಳು, "ಬೇಡ. ಹೇಳದೆ ಹೋದವನು ಅವನು. ಹೊರಗೇ ಇರ್ಲಿ. ಸ್ವಲ್ಪ ಚಳಿ ಗೊತ್ತಾಗ್ಲಿ."

ಬಂದವರು ಲೋಟದಲ್ಲಿದ್ದ ಕಾಫಿಯನ್ನೂ ಮುಗಿಸದೆ ಎದ್ದರು. ಮಾತು ಊರಿಂದ ಊರಿಗೆ ಹೋಯಿತು. ಸಾತ್ತೊಕ್‌ನ ಸಾಲೊಮಿನೆ ಗಂಡನ ಹೆಸರು ಕೊಡುವುದಿಲ್ಲವಂತೆ ಎಂಬುದು ತೀರದ ತುಂಬ ಗೊತ್ತಾಯಿತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ.

ಸಿಟ್ಟು ಎಷ್ಟು ದಿನ ಇದ್ದೀತು? ಎರಡನೇ ವರ್ಷಕ್ಕೆ ಅದು ಅರ್ಧವಾಯಿತು, ಮೂರನೇ ವರ್ಷಕ್ಕೆ ಕರಗಿಹೋಯಿತು, ಆದರೆ ಆಡಿದ ಮಾತು ಹಾಗೇ ಉಳಿಯಿತು. ಸೇರಲು ಮೈ ಸಿಗದ ಹೆಸರು ಬಯಲಲ್ಲೇ ನಿಂತಿರುತ್ತದೆ ಎಂದು ನಮ್ಮವರು ನಂಬುತ್ತಾರೆ. ಭಾನುವಾರ ಚರ್ಚಿಗೆ ಹೋಗುವವರೂ ನಂಬುತ್ತಾರೆ. ಗಾಳಿ ಎದ್ದ ದಿನ ಕಿಟಕಿ ಹಾಕಲು ಸಾಲೊಮಿನೆಗೆ ಕೈ ಬರುತ್ತಿರಲಿಲ್ಲ. ತಾನಾಗಿ ಹೋಗಿ "ನನ್ನ ಗಂಡನ ಹೆಸರಿಡಿ" ಎಂದು ಕೇಳುವಂತೆಯೂ ಇಲ್ಲ. ಬೇಡಿ ಇಡಿಸಿದ ಹೆಸರು ಮಗುವಿನ ಮೈಗೆ ಒಗ್ಗುವುದಿಲ್ಲ. ಮಗುವಿನ ಕಡೆಯವರೇ ಕೇಳಬೇಕು. ಕೇಳುವ ಬಾಯಿಗಳಿಗೆಲ್ಲ ಬೀಗ ಹಾಕಿದವಳು ಅವಳೇ.

ಅಷ್ಟರಲ್ಲಿ ಸುದ್ದಿ ಬಂತು. ನಮಗಿಂತ ಎಷ್ಟೋ ಉತ್ತರಕ್ಕೆ, ಇನ್ನು ಮುಂದೆ ಊರೇ ಇಲ್ಲ ಅನ್ನುವಲ್ಲಿ, ಅವನ್ನರ್ಲೆಕ್ ಎಂಬ ಹಳ್ಳಿ. ಅಲ್ಲಿ ಅವಳ ಗಂಡನ ಅಕ್ಕ ಹನ್ಸಿನೆ ಇದ್ದಾಳೆ. ಹನ್ಸಿನೆಯ ಮೊಮ್ಮಗಳು ತುಪೆರ್ನಾ ಎಂಬವಳು ಪಟ್ಟಣದ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತು ಊರಿಗೆ ಮರಳಿದ್ದಾಳೆ. ಮಗುವಿಗೆ ಇನ್ನೂ ದೀಕ್ಷಾಸ್ನಾನ ಆಗಿಲ್ಲ. ಹುಟ್ಟಿದಾಗಿನಿಂದ ಒಂದೇ ಸಮ ಅಳುತ್ತಿದೆ.

ಅಳುವ ಮಗು ಅಂದರೆ ನಮ್ಮಲ್ಲಿ ಒಂದೇ ಅರ್ಥ. ಇಟ್ಟ ಹೆಸರು ಅದರದ್ದಲ್ಲ, ಬರಬೇಕಾದವರು ಬೇರೆ ಯಾರೋ ಇದ್ದಾರೆ.

ಹುಟ್ಟಿದಾಗಿನಿಂದ ಸಾತ್ತೊಕ್‌ನಿಂದ ಉತ್ತರಕ್ಕೆ ಕಾಲಿಡದ ಸಾಲೊಮಿನೆ ಮಾರನೆಯ ದಿನವೇ ಒಲೆ ಆರಿಸಿ ಚೀಲ ತುಂಬಿಕೊಂಡಳು. "ಎಲ್ಲಿಗೆ?" ಅಂತ ಕೇಳಿದವರಿಗೆ "ಸುಮ್ನೆ, ಅತ್ತಿಗೇನ ನೋಡ್ಕೊಂಡು ಬರೋಣ ಅಂತ" ಅಂದಳು. ಕೇಳಿದವರೂ "ಹೌದಾ, ಒಳ್ಳೇದು" ಅಂದರು. ಅವಳ ಹಿಂದೆ ಯಾರೂ ನಗಲಿಲ್ಲ.

ಹೆಲಿಕಾಪ್ಟರು ನಡುದಾರಿಯ ಒಂದು ಹಳ್ಳಿಯವರೆಗೆ ಹೋಗಿ ಕುಳಿತುಬಿಟ್ಟಿತು. ಮುಂದೆ ಮಂಜು ಕವಿದಿತ್ತು. ಕಾಯುವ ಕೋಣೆಯಲ್ಲಿ ಅವಳ ಜೊತೆ ಇಬ್ಬರು ಪ್ರವಾಸಿಗಳು, ಗಂಡ ಹೆಂಡತಿ. ಗಳಿಗೆಗೊಮ್ಮೆ ಗಡಿಯಾರ ನೋಡಿ "ಯಾವಾಗ ಹೊರಡುತ್ತೆ?" ಎಂದು ಕೇಳುತ್ತಿದ್ದರು. ನಮ್ಮಲ್ಲಿ ಇಂಥ ಪ್ರಶ್ನೆಗೆ ಇರುವುದು ಒಂದೇ ಮಾತು, "ಇಮ್ಮಕಾ", ಅಂದರೆ ಆದರೂ ಆಗಬಹುದು. ಅದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಹೆಂಡತಿ ಹರಕುಮುರುಕು ಡೇನಿಷ್‌ನಲ್ಲಿ ಸಾಲೊಮಿನೆಯನ್ನು ಮಾತಿಗೆಳೆದಳು.

"ನೀವೂ ಕೊನೇ ಊರು ನೋಡೋಕೆ ಹೊರಟಿದ್ದೀರಾ?"

"ಊರನ್ನಲ್ಲ. ನನ್ನ ಗಂಡನ್ನ ನೋಡೋಕೆ."

"ಓ! ಅಲ್ಲಿ ಕೆಲ್ಸ ಮಾಡ್ತಾರಾ?"

"ಅಲ್ಲಿದಾನೋ ಇಲ್ವೋ ಗೊತ್ತಿಲ್ಲ. ಹೋಗಿ ನೋಡ್ಬೇಕು."

ಆ ಹೆಂಗಸು ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಸಾಲೊಮಿನೆಯ ಕಡೆ ಸರಿಸಿದಳು.

ಮಂಜು ಕರಗುವ ಲಕ್ಷಣ ಕಾಣಲಿಲ್ಲ. ಆದರೆ ತುಪೆರ್ನಾಳ ಗಂಡ ಎಸ್ಕಿಲ್ ಅದೇ ಹಳ್ಳಿಗೆ ಮೀನು ಮಾರಲು ಬಂದಿದ್ದ. ಖಾಲಿ ಗಾಡಿ ಹೊಡೆದುಕೊಂಡು ಕಡಲ ಮೇಲೆ ವಾಪಸು ಹೊರಟಿದ್ದವನು ಅವಳನ್ನು ಕಂಡು, ಯಾರೆಂದು ಕೇಳಿ ತಿಳಿದು, "ಬನ್ನಿ ಅಜ್ಜಿ, ಹತ್ತಿ" ಎಂದ. ಮೇ ತಿಂಗಳ ಆ ದಿನದಿಂದ ಸಾಲೊಮಿನೆ ಹೆಪ್ಪುಗಟ್ಟಿದ ಕಡಲಿನ ಮೇಲೆ ಕಾಲಿಟ್ಟವಳಲ್ಲ. ದಡದಲ್ಲಿ ನಿಂತಳು. ನಾಯಿಗಳು ಎಳೆಯಲು ಕಾತರಿಸಿ ಬೊಗಳುತ್ತಿದ್ದವು.

"ಗಡ್ಡೆ ಗಟ್ಟಿ ಇದೆ ಅಜ್ಜಿ, ಏಪ್ರಿಲ್ ಅಲ್ವಾ."

"ಗಟ್ಟಿ ಅಂತ ಅಂದ್ಕೊಂಡಿದ್ದೀಯೋ, ನೋಡಿದ್ದೀಯೋ?"

ಎಸ್ಕಿಲ್ ಕಬ್ಬಿಣದ ಮೊನೆಯ ಕೋಲು ತೆಗೆದು ಮುಂದೆ ನಡೆದು, ಅಲ್ಲಲ್ಲಿ ಕುಟ್ಟಿ ತೋರಿಸಿದ. ಕೋಲು ಎಲ್ಲೂ ಇಳಿಯಲಿಲ್ಲ. ಅವಳು ದೇವರ ಹೆಸರು ಹೇಳಿಕೊಂಡು ಗಾಡಿ ಹತ್ತಿ ಹಿಮಕರಡಿಯ ತೊಗಲಿನ ಮೇಲೆ ಕುಳಿತಳು.

ದಿನವಿಡೀ ಪಯಣ. ಸುತ್ತ ಬಿಳುಪು ಬಿಟ್ಟರೆ ಇನ್ನೇನಿಲ್ಲ. ನಡುವೆ ನಾಯಿಗಳ ದಣಿವಾರಿಸಲು ನಿಲ್ಲಿಸಿ ಎಸ್ಕಿಲ್ ಚಹಾ ಕಾಯಿಸಿದ. ಲೋಟ ಹಿಡಿದು ಕುಳಿತ ಸಾಲೊಮಿನೆಗೆ ತನ್ನ ಮಹಡಿಯ ಕೋಣೆಗಳಲ್ಲಿ ಇದ್ದುಹೋದ ಪ್ರವಾಸಿಗಳ ನೆನಪಾಯಿತು. ಅಷ್ಟು ದೂರದಿಂದ ಏನೂ ಇಲ್ಲದ ಜಾಗಕ್ಕೆ ಏನು ಹುಡುಕಿಕೊಂಡು ಬರುತ್ತಾರೋ ಎಂದು ಅವಳು ಎಷ್ಟು ಸಲ ನಕ್ಕಿದ್ದಳು! ಈಗ ತಾನೂ ಹಾಗೇ ಹೊರಟಿದ್ದಾಳೆ. ನೋಡಬೇಕಾದ್ದು ಕಾಣಿಸುತ್ತದೆ ಎಂಬ ಖಾತ್ರಿ ಇವಳಿಗೂ ಇಲ್ಲ. ಪಾಪ, ಆ ಮೂವರೂ ಒಂದೇ ದಿನ ಇಟ್ಟುಕೊಂಡು ಬಂದವರು. ಅಷ್ಟು ದೂರದಿಂದ ಬಂದ ಮುಖ ನೋಡಿ ಇವತ್ತು ಬೇಡ ಅನ್ನಲು ಗಂಡನಿಗೆ ಬಾಯಿ ಬಂದಿರಲಿಕ್ಕಿಲ್ಲ. ಅವಳು ಆ ದಿನವನ್ನು ಅವನ ಕಡೆಯಿಂದ ನೋಡಿದ್ದು ಅದೇ ಮೊದಲು. ಹಾಗೆಂದು ಸಿಟ್ಟು ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತದೆ. ಆ ಮೂವರ ಮುಖ ನೋಡಿದವನು ಹೆಂಡತಿಯ ಮುಖ ನೋಡಿ ಒಂದು ಮಾತು ಹೇಳಿ ಹೋಗಬಹುದಿತ್ತು.

ಅವನ್ನರ್ಲೆಕ್ ತಲುಪಿದಾಗ ಹನ್ಸಿನೆ ಬಾಗಿಲಲ್ಲೇ ನಿಂತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಬೆನ್ನು ಬಾಗಿದ್ದರೂ ನಾಲಿಗೆ ಬಾಗಿರಲಿಲ್ಲ.

"ಏನಮ್ಮಾ, ಈ ಕಡೆ ಸವಾರಿ? ದಾರಿ ತಪ್ಪಿತೋ?"

"ಸುಮ್ನೆ ಬಂದೆ ಅತ್ತಿಗೆ. ನಿಮ್ಮನ್ನ ನೋಡಿ ಬಹಳ ದಿನ ಆಯ್ತಲ್ಲ."

"ಹೌದೌದು. ನಲವತ್ತು ವರ್ಷದಿಂದ ನೆನಪಾಗದವಳು ನಾನು ಈಗ ನೆನಪಾದೆ. ಒಳಗೆ ಬಾ, ಕಾಫಿ ಕುಡಿ."

ಒಳಗೆ ಮಗು ಅಳುತ್ತಿತ್ತು. ಸಣ್ಣ ಅಳು ಅಲ್ಲ, ಮನೆಯ ಹಲಗೆ ನಡುಗುವ ಅಳು. ಇಪ್ಪತ್ತು ತುಂಬಿದ ತುಪೆರ್ನಾ ಅದನ್ನು ಹೆಗಲ ಮೇಲೆ ಹಾಕಿಕೊಂಡು ಅತ್ತಿಂದಿತ್ತ ನಡೆದಾಡುತ್ತಿದ್ದಳು. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಮೊದಲು ಎಸ್ಕಿಲನ ತಾಯಿಯ ಹೆಸರು ಇಟ್ಟರಂತೆ, ಮಗು ಅತ್ತಿತು. ಅವನ ಚಿಕ್ಕಪ್ಪನ ಹೆಸರಿನಿಂದ ಕರೆದರಂತೆ, ಇನ್ನೂ ಜೋರಾಗಿ ಅತ್ತಿತು. ಊರಿನ ಸತ್ತವರನ್ನೆಲ್ಲ ಒಂದು ಸುತ್ತು ಕರೆದು ನೋಡಿ ಆಗಿತ್ತು. ದವಾಖಾನೆಯ ನರ್ಸಮ್ಮ ಹೊಟ್ಟೆಯ ವಾಯು ಎಂದು ಹನಿಮದ್ದು ಕೊಟ್ಟಿದ್ದಳು.

"ವಾಯುವಂತೆ, ವಾಯು" ಎಂದು ಹನ್ಸಿನೆ ಗೊಣಗಿದಳು. "ಆ ವಾಯುಗೂ ಒಂದು ಹೆಸರಿರುತ್ತೆ."

ಹೀಗೆಂದು ಅವಳು ಸಾಲೊಮಿನೆಯ ಮುಖ ನೋಡಿದಳು. ಸಾಲೊಮಿನೆ ಒಣಮೀನನ್ನು ಬೆಣ್ಣೆಗೆ ಅದ್ದಿ ತಿನ್ನುವುದರಲ್ಲಿ ಮುಳುಗಿದವಳಂತೆ ಕುಳಿತಿದ್ದಳು.

ಎರಡು ದಿನ ಹೀಗೇ ಕಳೆಯಿತು. ಅವಳು ಯಾಕೆ ಬಂದಿದ್ದಾಳೆಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತೆಂದು ಅವಳಿಗೂ ಗೊತ್ತು. ನೆರೆಯವರು ಒಬ್ಬೊಬ್ಬರಾಗಿ ಬಂದು ಕಾಫಿ ಕುಡಿದು, ಹವಾಮಾನದ ಮಾತಾಡಿ, ಮಗುವನ್ನೊಮ್ಮೆ ಇವಳನ್ನೊಮ್ಮೆ ನೋಡಿ ಹೋದರು. ಭಾನುವಾರ ದೀಕ್ಷಾಸ್ನಾನ ಎಂದು ಚರ್ಚಿನ ಉಪದೇಶಿ ಹೇಳಿ ಕಳಿಸಿದ್ದ. ಅಷ್ಟರೊಳಗೆ ಹೆಸರು ಗೊತ್ತಾಗಬೇಕು.

ಶನಿವಾರ ಬೆಳಿಗ್ಗೆ ಹನ್ಸಿನೆಯ ತಾಳ್ಮೆ ಮುಗಿಯಿತು. ಸೀಲ್ ಮಾಂಸ ಹೆಚ್ಚುತ್ತಿದ್ದವಳು ಕತ್ತಿಯನ್ನು ಹಲಗೆಯ ಮೇಲೆ ಕುಕ್ಕಿದಳು.

"ಲೇ ಸಾಲೊಮಿನೆ, ಇನ್ನೂ ಎಷ್ಟು ದಿನ ನನ್ನ ಮೀನು ಖಾಲಿ ಮಾಡ್ತೀಯಾ?"

"ನಾನೇನು ಮಾಡ್ದೆ ಅತ್ತಿಗೆ?"

"ಏನೂ ಮಾಡ್ಲಿಲ್ಲ, ಅದೇ. ನನ್ನ ತಮ್ಮ ಕಣೇ ಅವನು. ನಿನಗೆ ಗಂಡ ಆಗೋಕೆ ಮುಂಚೆ ನನ್ನ ಬೆನ್ನ ಮೇಲೆ ಕೂತು ಬೆಳೆದವನು. ನಾಲ್ಕು ವರ್ಷ ಆಯ್ತು, ನಿನ್ನ ಒಂದು ಮಾತಿಂದ ಹೊರಗೆ ನಿಂತಿದಾನೆ. ನಿನ್ನ ಹೊಟ್ಟೆ ತಣ್ಣಗಾಯ್ತಾ?"

"ನೀವೇ ಇಡ್ಬಹುದಿತ್ತಲ್ಲ. ನೀವು ಅಕ್ಕ. ನಿಮಗೆ ಹಕ್ಕಿತ್ತು."

"ಹೆಂಡತಿ ಹಾಕಿದ ಬಾಗಿಲನ್ನ ಅಕ್ಕ ತೆಗೀತಾಳಾ? ನೀನು ಹಾಕ್ದೆ, ನೀನೇ ತೆಗಿ. ಕೇಳೋ ಸರದಿ ನಮ್ದು ಅಂತಾದ್ರೆ, ತಗೋ, ಕೇಳ್ತಿದೀವಿ. ತುಪೆರ್ನಾ, ಕೇಳೇ."

ತುಪೆರ್ನಾ ಅಳುವ ಮಗುವನ್ನು ಹೊತ್ತುಕೊಂಡೇ ಬಂದು ಸಾಲೊಮಿನೆಯ ಮುಂದೆ ನಿಂತಳು. "ಅಜ್ಜಿ, ಅವರ ಹೆಸರು ನನ್ನ ಮಗೂಗೆ ಇಡೋಣ ಅಂತ. ನೀವು ಹೂಂ ಅಂದ್ರೆ."

ಇದೇ ಮಾತಿಗಾಗಿ ಅವಳು ಅಷ್ಟು ದೂರ ಬಂದದ್ದು. ಆದರೂ ಹೂಂ ಅನ್ನಲು ಬಾಯಿ ಏಳಲಿಲ್ಲ. "ಭಯ ಆಗುತ್ತೆ" ಎಂದಳು, ಮರೆಮಾಚದೆ. "ನಾನು ಕರೆದೂ ಮಗು ಅಳು ನಿಲ್ಲಿಸ್ದೆ ಹೋದ್ರೆ? ಹೊರಗೇ ಇರು ಅಂದವಳು ನಾನು. ಅವನಿಗೂ ಸಿಟ್ಟಿರಲ್ವಾ? ಇಷ್ಟು ದಿನ ಬರ್ತಾನೇನೋ ಅಂತ ಒಂದು ಆಸೆ ಇತ್ತು. ಕರೆದ್ಮೇಲೆ ಅದೂ ಇರಲ್ಲ."

ತುಪೆರ್ನಾ ಮಗುವನ್ನು ಅವಳ ಕೈಗೆ ಕೊಟ್ಟಳು.

ಸಾಲೊಮಿನೆ ಆ ಕೆಂಪು ಮುಖವನ್ನು, ಅತ್ತು ಅತ್ತು ಮುಚ್ಚಿಹೋದ ಕಣ್ಣುಗಳನ್ನು ನೋಡಿದಳು. ನಾಲ್ಕು ವರ್ಷ ಆಡದ ಹೆಸರು ನಾಲಿಗೆಗೆ ಭಾರವಾಗಿತ್ತು. ಬಗ್ಗಿ ಮಗುವಿನ ಕಿವಿಯ ಹತ್ತಿರ ಪಿಸುಗುಟ್ಟಿದಳು, "ಉಯಾರಕ್."

ಮಗು ಮೊದಲಿಗಿಂತ ಜೋರಾಗಿ ಕಿರುಚಿತು.

ಸಾಲೊಮಿನೆಯ ಮುಖ ಬಿಳಿಚಿಕೊಂಡಿತು. ಮಗುವನ್ನು ತಾಯಿಗೆ ಕೊಡಲು ಕೈ ಚಾಚಿದಳು. ತುಪೆರ್ನಾ ತಲೆ ತಗ್ಗಿಸಿದಳು. ಹನ್ಸಿನೆ ಮಾತ್ರ ಮಾಂಸದ ಕೈ ಒರೆಸಿಕೊಳ್ಳುತ್ತ ಗದರಿದಳು, "ಅಷ್ಟಕ್ಕೇ ಯಾಕೆ ಸಾಯ್ತೀಯೇ? ನನ್ನ ತಮ್ಮ ಒಂದೇ ಕರೆಗೆ ಬಂದದ್ದು ಯಾವತ್ತು? ನೀನು ಬಾಳಿದ್ದು ಅವನ ಜೊತೆ ತಾನೇ? ಮನೆಗೆ ಹೇಗೆ ಕರೀತಿದ್ದೆ, ಹಾಗೆ ಕರಿ."

ಸಾತ್ತೊಕ್‌ನ ಹಳಬರಿಗೆಲ್ಲ ಆ ಕೂಗು ಗೊತ್ತು. ದಡದಲ್ಲಿ ನಾಯಿಗಳ ಜೊತೆ ಕೂತು ಹರಟೆ ಹೊಡೆಯುತ್ತ ಮನೆ ಮರೆತ ಗಂಡನನ್ನು ಅವಳು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರೆ ಊರಾಚೆಯ ನಾಯಿಗಳೂ ಕಿವಿ ನಿಮಿರಿಸುತ್ತಿದ್ದವು. ಸಾಲೊಮಿನೆ ಉಸಿರೆಳೆದುಕೊಂಡಳು.

"ಉಯಾರಕ್! ಬರ್ತೀಯೋ ಇಲ್ವೋ? ಎಷ್ಟು ಸಲ ಕರೀಬೇಕು ನಿನ್ನ!"

ಹೊರಗೆ ಎಸ್ಕಿಲನ ನಾಯಿಗಳು ಬೊಗಳಿದವು. ಮಗು ಬೆಚ್ಚಿತು. ತೆರೆದ ಬಾಯಿ ತೆರೆದಂತೆಯೇ ಇತ್ತು, ಅದರಿಂದ ದನಿ ಹೊರಡಲಿಲ್ಲ. ಒಂದು ಬಿಕ್ಕಳಿಕೆ ಬಂತು. ಆಮೇಲೆ ಅದು ಕಣ್ಣು ಬಿಟ್ಟು, ಹುಬ್ಬು ಗಂಟಿಕ್ಕಿ, ಅವಳ ಮುಖವನ್ನೇ ನೋಡತೊಡಗಿತು. ಒಲೆಯ ಮೇಲೆ ನೀರು ಕುದಿಯುವುದು ಕೇಳಿಸಿತು.

ಹನ್ಸಿನೆ ಮೊದಲು ಅತ್ತಳು. ಆಮೇಲೆ ನಕ್ಕಳು. "ನೋಡಿದ್ಯಾ, ಬೈದ್ರೇನೇ ಬರೋದು." ತುಪೆರ್ನಾ ಗೋಡೆಗೊರಗಿ ಕೂತವಳು ಕೂತಲ್ಲೇ ನಿದ್ದೆ ಹೋದಳು. ಸಾಲೊಮಿನೆ ಮಗುವನ್ನು ಕೆಳಗಿಳಿಸಲಿಲ್ಲ. ಕೈ ಜೋಮು ಹಿಡಿದರೂ ಇಳಿಸಲಿಲ್ಲ. ಅವಳ ಕಣ್ಣೀರು ಮಗುವಿನ ಹೊದಿಕೆಯ ಮೇಲೆ ಬೀಳುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಭಾನುವಾರ ಉಪದೇಶಿ ಮಗುವಿನ ತಲೆಗೆ ನೀರು ಹಾಕಿ ಆ ಹೆಸರನ್ನು ಗಟ್ಟಿಯಾಗಿ ಓದಿದ. ಮಗು ಚಕಾರ ಎತ್ತಲಿಲ್ಲ. ಆಮೇಲೆ ಹನ್ಸಿನೆಯ ಮನೆಯಲ್ಲಿ ಕಾಫಿ. ಊರಿಗೆ ಊರೇ ಸರದಿಯಲ್ಲಿ ಬಂದು ಕೇಕು, ತಿಮಿಂಗಿಲದ ತೊಗಲು ತಿಂದು ಹೋಯಿತು. ಪ್ರತಿಯೊಬ್ಬರೂ ಮಗುವಿನ ಬೆರಳು ಹಿಡಿದು ಕುಲುಕಿ ಮಾತಾಡಿಸಿದರು. ಜೊತೆಯಲ್ಲಿ ಬೇಟೆಯಾಡಿದ್ದ ಒಬ್ಬ ಮುದುಕ, "ಏನಪ್ಪಾ ಉಯಾರಕ್, ಇಷ್ಟು ದಿನ ಎಲ್ಲಿದ್ದೆ? ಹಲ್ಲೆಲ್ಲ ಉದುರಿಸ್ಕೊಂಡು ಬಂದೆಯಲ್ಲೋ" ಎಂದು ತಾನೇ ಬಾಯಿ ತುಂಬ ನಕ್ಕ. ಅವನಿಗೂ ಹಲ್ಲಿರಲಿಲ್ಲ.

ತುಪೆರ್ನಾಳಿಗೆ ಕುಶಾಲು ಬಂದಿತ್ತು. "ಲೆಕ್ಕದಲ್ಲಿ ನಾನೀಗ ನಿಮಗೆ ಅತ್ತೆ ಆದೆ ಅಜ್ಜಿ. ಏ ಸೊಸೆ, ಆ ಲೋಟ ಎಲ್ಲ ತೊಳೆದಿಡು!"

"ಆಗ್ಲಿ ಅತ್ತೆಮ್ಮ" ಎಂದು ಸಾಲೊಮಿನೆ ನಿಜವಾಗಿಯೂ ಎದ್ದು ಲೋಟ ತೊಳೆಯತೊಡಗಿದಳು.

ಮಾರನೆಯ ದಿನ ಮಂಜು ಸರಿದು ಹೆಲಿಕಾಪ್ಟರು ಬರುವುದು ಖಚಿತವಾಯಿತು. ಇಲ್ಲೇ ಇದ್ದುಬಿಡು ಎಂದು ಹನ್ಸಿನೆ ಬಾಯಿ ಬಿಟ್ಟು ಹೇಳಿದಳು. ಸಾಲೊಮಿನೆ ಒಪ್ಪಲಿಲ್ಲ. ಪ್ರವಾಸಿಗಳು ಬರುವ ಕಾಲ, ಬಂದವರಿಗೆ ಸಾರು ಯಾರು ಮಾಡುತ್ತಾರೆ? ಹಾಗೆ ಹೇಳಿದಳೇ ಹೊರತು, ಬಿಟ್ಟು ಹೋಗುವುದು ಅವಳಿಗೆ ಸುಲಭವಾಗಿರಲಿಲ್ಲ. ಬರಬೇಕಾದವನು ಬಂದ, ಸರಿ. ಬಂದದ್ದು ಇವಳ ಮನೆಗಲ್ಲ. ಅವನು ಇಲ್ಲಿ ಬೆಳೆಯುತ್ತಾನೆ, ಜಡೆ ಹಾಕಿಸಿಕೊಳ್ಳುತ್ತಾನೆ, ಶಾಲೆಗೆ ಹೋಗುತ್ತಾನೆ. ಅವನು ಸರಿಯಾಗಿ ನಾಲ್ಕು ಮಾತು ಕಲಿಯುವಷ್ಟರಲ್ಲಿ ಇವಳು ಇರುತ್ತಾಳೋ ಇಲ್ಲವೋ.

ಹೊರಡುವ ಮುಂಚೆ ತುಪೆರ್ನಾ ಮಗುವನ್ನು ಅವಳ ಮಡಿಲಲ್ಲಿಟ್ಟು, ಒಗೆದ ಬಟ್ಟೆ ಒಣಹಾಕಲು ಹಿಂಬಾಗಿಲಿಗೆ ಹೋದಳು. ಹನ್ಸಿನೆ ದಾರಿಗೆ ಒಣಮೀನು ಕಟ್ಟಿ ತರಲು ಉಗ್ರಾಣಕ್ಕೆ ಹೋದಳು. ಅಡುಗೆಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

ನಾಲ್ಕು ವರ್ಷದಿಂದ ಸಾಲೊಮಿನೆಯ ಎದೆಯಲ್ಲಿ ಒಂದೇ ಪ್ರಶ್ನೆ. ಯಾಕೆ ಹೇಳದೆ ಹೋದೆ? ನಾನು ಯಾರೂ ಅಲ್ಲವಾ ನಿನಗೆ? ಆ ಪ್ರಶ್ನೆಯನ್ನು ಕಡಲಿಗೆ ಕೇಳಿದ್ದಳು, ಗೋಡೆಗೆ ಕೇಳಿದ್ದಳು. ಈಗ ಕೇಳಲು ಒಂದು ಮುಖ ಎದುರಿಗಿತ್ತು. ಅದು ಹುಬ್ಬು ಗಂಟಿಕ್ಕಿಕೊಂಡು, ಬೈಸಿಕೊಳ್ಳಲು ಸಿದ್ಧವಾಗಿರುವಂತೆ ಅವಳನ್ನೇ ನೋಡುತ್ತಿತ್ತು. ಅವಳು ಬಾಯಿ ತೆರೆದಳು.

"ಊಟ ಆಯ್ತಾ?" ಎಂದು ಕೇಳಿದಳು.